ಕರ್ಪೂರದ ಗುಣವಿರುವ ಶಾಯಿ

ಠಾಣೆಯ ಮಾಜಿವಾಡಾದ ಒಂದು ಕೋಣೆಯಲ್ಲೇ ಮೊಬೈಲ್ ಕವರ್ ಮೇಲೆ ಫೋಟೋ ಅಚ್ಚು ಹಾಕುವ ಕೆಲಸ ಶುರುಮಾಡಬೇಕು ಅಂತಿದ್ದೀರಾ? ಮಾಡಿ. ಆದರೆ ಮೆಷಿನ್ ಕೊಳ್ಳುವ ಮೊದಲು ಶಾಯಿಯ ಸ್ವಭಾವ ತಿಳಿದುಕೊಳ್ಳಿ.

ಈ ಕೆಲಸಕ್ಕೆ ಬಳಸುವ ಸಬ್ಲಿಮೇಶನ್ ಶಾಯಿ ನಮ್ಮ ಪೂಜೆಯ ಕರ್ಪೂರದ ಹಾಗೆ. ಕಾದರೆ ಕರಗದೆ ನೇರ ಆವಿಯಾಗುತ್ತದೆ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಆವಿ ಪಾಲಿಮರ್ ಲೇಪನದೊಳಗೆ ಇಳಿದು ಕೂರುತ್ತದೆ. ಲೇಪನವಿಲ್ಲದ ಸಾದಾ ಕವರ್ ಮೇಲೆ ಎಷ್ಟು ಒತ್ತಿದರೂ ಬಣ್ಣ ನಿಲ್ಲದು. ಅಗ್ಗದ ಪ್ಲಾಸ್ಟಿಕ್ಕಾದರೆ ಸೊಟ್ಟಗಾಗುತ್ತದೆ, ಅಷ್ಟೆ. ಈ ಶಾಯಿಯಲ್ಲಿ ಬಿಳಿ ಬಣ್ಣವೂ ಇಲ್ಲ, ಹಾಗಾಗಿ ತಳ ಬಿಳಿಯದೇ ಇರಲಿ.

ಹೊಸಬರಿಗೆ ಅಲ್ಯೂಮಿನಿಯಂ ತಗಡು ಅಂಟಿಸುವ ಕವರ್ ಸಲೀಸು, ಚಪ್ಪಟೆ ಹೀಟ್ ಪ್ರೆಸ್ಸೇ ಸಾಕು. ಅಂಚಿನವರೆಗೂ ಚಿತ್ರ ಬೇಕೆಂದರೆ ವ್ಯಾಕ್ಯೂಮ್ ಪ್ರೆಸ್ ಬೇಕು. ಅದು ಆಮೇಲಿನ ಮಾತು.

ಚಿತ್ರವನ್ನು ಕನ್ನಡಿಬಿಂಬವಾಗಿ ತಿರುಗಿಸಿಯೇ ಕಾಗದದ ಮೇಲೆ ಪ್ರಿಂಟ್ ಕೊಡಿ. ಮುಖದ ಫೋಟೋದಲ್ಲಿ ತಪ್ಪು ಗೊತ್ತಾಗದೇ ಹೋಗಬಹುದು, ‘ಅಮ್ಮ’ ಎಂದು ಬರೆದಲ್ಲಿ ತಕ್ಷಣ ಸಿಕ್ಕಿಬೀಳುತ್ತೀರಿ!

ಠಾಣೆಯ ಮಳೆಗಾಲ ಗೊತ್ತಲ್ಲ, ಹಪ್ಪಳವೇ ಮೆತ್ತಗಾಗುತ್ತದೆ. ಕಾಗದವೂ ತೇವ ಹೀರುತ್ತದೆ, ಬಣ್ಣ ಕಲೆಕಲೆಯಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ, ಒತ್ತುವ ಮುಂಚೆ ಕೆಲವು ಸೆಕೆಂಡು ಬಿಸಿ ತೋರಿಸಿ. ಪ್ರೆಸ್ಸಿಗೆ ಗೀಸರಿನಂತೆ 15 ಆಂಪಿಯರ್ ಸಾಕೆಟ್ ಕೊಡಿ, ಆವಿ ಹೊರಹೋಗಲು ಕಿಟಕಿ ತೆರೆದಿಡಿ.

ಮೊದಲ ಹತ್ತು ತಗಡು ಹಾಳಾಗುತ್ತವೆ ಎಂದೇ ಲೆಕ್ಕ ಹಾಕಿ. ಪ್ರತಿಯೊಂದರ ಹಿಂದೆ ಶಾಖ, ಸೆಕೆಂಡು ಬರೆದಿಡಿ, ಎಸೆಯಬೇಡಿ.