ಸ್ವಂತ ಸರ್ವರೋ, ಬಾಡಿಗೆಯ ಸರ್ವರೋ? – ವರ್ತಕರು ಮಾಡಬೇಕಾದ ಲೆಕ್ಕಾಚಾರ

ಒಂದೇ ಅಂಗಡಿ, ಒಂದೇ ಗಣಕಯಂತ್ರ ಇರುವವರೆಗೆ ವರ್ತಕನಿಗೆ ಸರ್ವರ್‌ನ ಚಿಂತೆ ಇರುವುದಿಲ್ಲ. ಎರಡನೆಯ ಶಾಖೆ ತೆರೆದು, ಗೋದಾಮಿನ ದಾಸ್ತಾನು ಪೇಟೆಯ ಅಂಗಡಿಯಲ್ಲಿ ಕುಳಿತವರಿಗೂ ಕಾಣಬೇಕೆಂದಾಗ ಪ್ರಶ್ನೆ ಎದುರಾಗುತ್ತದೆ. ಲೆಕ್ಕಪತ್ರಗಳಿರುವ ಸರ್ವರನ್ನು ಖರೀದಿಸಿ ಕಚೇರಿಯಲ್ಲೋ ಮನೆಯ ಮಹಡಿಯಲ್ಲೋ ಇರಿಸಿಕೊಳ್ಳಬೇಕೆ, ಅಥವಾ ಡೇಟಾ ಸೆಂಟರ್‌ನಲ್ಲಿರುವ ಡೆಡಿಕೇಟೆಡ್ ಸರ್ವರನ್ನು, ಅಂದರೆ ಒಬ್ಬನೇ ಗ್ರಾಹಕನಿಗೆ ಮೀಸಲಾದ ಇಡೀ ಯಂತ್ರವನ್ನು, ತಿಂಗಳ ಬಾಡಿಗೆಗೆ ಪಡೆಯಬೇಕೆ? ಎರಡೂ ಕಡೆಯ ಮಾರಾಟಗಾರರು ತಮ್ಮ ತಮ್ಮ ಬೆಲೆಪಟ್ಟಿಯನ್ನು ಮುಂದಿಡುತ್ತಾರೆ. ಬೆಲೆಪಟ್ಟಿಯಿಂದಲೇ ಆರಂಭಿಸುವುದು ತಪ್ಪಲ್ಲ. ಅಲ್ಲಿಗೇ ನಿಲ್ಲಿಸುವುದು ತಪ್ಪು.

ಐದು ವರ್ಷಗಳ ಖರ್ಚು

ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿ, ಗದಗ ಮತ್ತು ದಾವಣಗೆರೆಗಳಲ್ಲಿ ಶಾಖೆಗಳಿರುವ, ಹದಿನೈದು ಮಂದಿ ಲೆಕ್ಕದ ತಂತ್ರಾಂಶ ಬಳಸುವ ಒಂದು ಸಗಟು ಸಂಸ್ಥೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಇಲ್ಲಿನ ದರಗಳು ವಿವರಣೆಗಾಗಿ ಹಿಡಿದವು. ಪ್ರತಿಯೊಬ್ಬರೂ ತಮಗೆ ಬಂದ ಕೊಟೇಶನ್ನಿನ ಅಂಕಿಗಳನ್ನು ಹಾಕಿಕೊಳ್ಳಬೇಕು.

ಸರ್ವರ್‌ಗೆ ರೂ. 1,80,000, ಯುಪಿಎಸ್‌ಗೆ ರೂ. 60,000, ನಡುವೆ ಒಮ್ಮೆ ಬ್ಯಾಟರಿ ಬದಲಾವಣೆಗೆ ರೂ. 25,000, ಮೂರು ವರ್ಷದ ವಾರಂಟಿ ಮುಗಿದ ನಂತರ ಎರಡು ವರ್ಷದ ನಿರ್ವಹಣಾ ಕರಾರಿಗೆ ರೂ. 30,000 ಎಂದಿರಲಿ. ಹಲವರು ಮರೆಯುವುದು ವಿದ್ಯುತ್ತಿನ ಲೆಕ್ಕವನ್ನು. ಯುಪಿಎಸ್‌ನ ನಷ್ಟವೂ ಸೇರಿ ಸರಾಸರಿ 200 ವಾಟ್ ಎಳೆಯುವ ಯಂತ್ರ ಹಗಲಿರುಳು ನಡೆದರೆ ವರ್ಷಕ್ಕೆ 1,752 ಯೂನಿಟ್ ಆಗುತ್ತದೆ. ಯೂನಿಟ್‌ಗೆ 9 ರೂಪಾಯಿಯಂತೆ ವರ್ಷಕ್ಕೆ ರೂ. 15,768, ಐದು ವರ್ಷಕ್ಕೆ ರೂ. 78,840. ಒಟ್ಟು ರೂ. 3,73,840. ಹವಾನಿಯಂತ್ರಣ ಬೇಕಾದರೆ ಅದು ಬೇರೆ. ತೊಡಗಿಸಿದ ರೂ. 2,40,000ಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿಯನ್ನು ಶೇ. 10ರಂತೆ, ಸರಾಸರಿ ಅರ್ಧ ಮೊತ್ತದ ಮೇಲೆ ಹಿಡಿದರೂ ರೂ. 60,000 ಸೇರಿ ರೂ. 4,33,840 ಆಗುತ್ತದೆ.

ಬಾಡಿಗೆಯ ಸರ್ವರ್‌ಗೆ ತಿಂಗಳಿಗೆ ರೂ. 9,000ದಂತೆ ಐದು ವರ್ಷಕ್ಕೆ ರೂ. 5,40,000. ತಂತ್ರಾಂಶದ ಪರವಾನಗಿ, ತಂತ್ರಜ್ಞನ ಸಂಭಾವನೆ, ಇಂಟರ್ನೆಟ್ ಸಂಪರ್ಕ ಎರಡೂ ಕಡೆ ಬೇಕಾದುದರಿಂದ ಇಲ್ಲಿ ಸೇರಿಸಿಲ್ಲ. ವ್ಯತ್ಯಾಸ ರೂ. 1,06,160, ಅಂದರೆ ತಿಂಗಳಿಗೆ ಸುಮಾರು ರೂ. 1,770. ಸ್ವಂತ ಸರ್ವರ್ ಅಗ್ಗ ಎಂಬುದು ನಿಜ. ಆದರೆ ಎಷ್ಟು ಅಗ್ಗ ಎಂಬುದನ್ನೂ ನೋಡಬೇಕು. ಈ ಮೊತ್ತಕ್ಕೆ ಡೇಟಾ ಸೆಂಟರ್‌ನ ಜನರೇಟರ್, ಶೀತಲೀಕರಣ, ಕಾವಲು ಹಾಗೂ ಕೆಟ್ಟ ಬಿಡಿಭಾಗದ ಬದಲಾವಣೆ ದೊರೆಯುತ್ತವೆ.

ತೆರಿಗೆಯ ಉಳಿತಾಯಕ್ಕಾಗಿ ಖರೀದಿಸಬೇಕೆಂಬ ಸಲಹೆ ಇನ್ನೂ ಕೇಳಿಬರುತ್ತದೆ. ಗಣಕಯಂತ್ರಗಳ ಸವಕಳಿ ದರ ಶೇ. 60 ಇದ್ದ ಕಾಲದ ಮಾತು ಅದು. 2017ರ ಏಪ್ರಿಲ್ 1ರಿಂದ ಆ ದರವನ್ನು ಶೇ. 40ಕ್ಕೆ ಇಳಿಸಲಾಯಿತು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ ಲಭ್ಯ. ಮಾರ್ಚ್ ಕೊನೆಯ ವಾರದ ಅವಸರದ ಖರೀದಿಗೆ ಅಷ್ಟೇ ಫಲ. ಬಾಡಿಗೆಯಾದರೋ ಆಯಾ ವರ್ಷವೇ ಪೂರ್ಣ ಖರ್ಚಾಗುತ್ತದೆ. ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ನೋಂದಣಿಯುಳ್ಳ ವರ್ತಕನಿಗೆ ಎರಡರಲ್ಲೂ ಸಿಗುತ್ತದೆ, ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಎರಡರಲ್ಲೂ ಇಲ್ಲ. ಹೀಗಾಗಿ ತೆರಿಗೆಯು ಈ ಆಯ್ಕೆಯನ್ನು ನಿರ್ಧರಿಸುವ ಅಂಶವಲ್ಲ.

ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ?

ನಿರ್ಧರಿಸುವ ಅಂಶ ಬಹುಮಟ್ಟಿಗೆ ಇದು. ಸ್ವಂತ ಸರ್ವರ್ ಹುಬ್ಬಳ್ಳಿಯಲ್ಲಿದ್ದು ಅಲ್ಲಿನ ಇಂಟರ್ನೆಟ್ ಸಂಪರ್ಕ ಕಡಿದರೆ, ಪ್ರಧಾನ ಕಚೇರಿಯ ಕೆಲಸ ಕಟ್ಟಡದೊಳಗಿನ ಜಾಲದ ಮೇಲೆ ಎಂದಿನಂತೆ ಸಾಗುತ್ತದೆ, ಶಾಖೆಗಳೆರಡೂ ನಿಲ್ಲುತ್ತವೆ. ಬಾಡಿಗೆಯ ಸರ್ವರ್ ಇದ್ದಾಗ ಅದೇ ಸಂಪರ್ಕ ಕಡಿದರೆ ಹುಬ್ಬಳ್ಳಿ ನಿಲ್ಲುತ್ತದೆ, ಶಾಖೆಗಳು ನಡೆಯುತ್ತವೆ. ಹದಿನೈದು ಮಂದಿಯಲ್ಲಿ ಹನ್ನೆರಡು ಮಂದಿ ಹುಬ್ಬಳ್ಳಿಯಲ್ಲಿದ್ದರೆ ಸ್ವಂತ ಸರ್ವರ್‌ನ ಪಕ್ಷ ಬಲವಾಗುತ್ತದೆ. ಐದೇ ಮಂದಿ ಇದ್ದರೆ ಬಾಡಿಗೆಯದು. ಒಂದೇ ಕಟ್ಟಡದಲ್ಲಿ ವ್ಯವಹಾರ ಮುಗಿಸುವ ಅಂಗಡಿಗೆ ಬಾಡಿಗೆಯ ಸರ್ವರ್ ಮಾರುವವನು ತನ್ನ ಲಾಭವನ್ನು ನೋಡಿಕೊಳ್ಳುತ್ತಿದ್ದಾನೆಂದೇ ತಿಳಿಯಬೇಕು.

ಸ್ವಂತ ಸರ್ವರ್‌ನಿಂದ ಶಾಖೆಗೆ ಮಾಹಿತಿ ಹೋಗುವುದು ಪ್ರಧಾನ ಕಚೇರಿಯ ಅಪ್‌ಲೋಡ್ ವೇಗದಲ್ಲಿ. ಸಂಪರ್ಕ ಒದಗಿಸುವವರು ಡೌನ್‌ಲೋಡ್ ವೇಗವನ್ನು ಮಾತ್ರ ಎದ್ದು ಕಾಣುವಂತೆ ಮುದ್ರಿಸುವುದುಂಟು. ಅಪ್‌ಲೋಡ್ ವೇಗ ಎಷ್ಟು, ಬದಲಾಗದ ಐಪಿ ವಿಳಾಸ ಕೊಡುವರೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಬಾಡಿಗೆಯ ಕರಾರಿನಲ್ಲಿಯೂ ಶೇ. 99.9 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲುಗಡೆಗೆ ಅವಕಾಶವಿದೆಯೆಂದು ಅರ್ಥ; ಶೇ. 99 ಎಂದರೆ ಮೂರೂವರೆ ದಿನಕ್ಕೂ ಹೆಚ್ಚು. ಮಿತಿ ಮೀರಿದರೆ ಸಾಮಾನ್ಯವಾಗಿ ಬಾಡಿಗೆಯ ಒಂದು ಭಾಗ ಹಿಂದಿರುಗುತ್ತದೆಯೇ ಹೊರತು ಕೈತಪ್ಪಿದ ವ್ಯಾಪಾರದ ಪರಿಹಾರವಲ್ಲ.

ಕಾನೂನಿನ ಅಗತ್ಯಗಳು

ಕಂಪನಿಗಳ ಲೆಕ್ಕಪುಸ್ತಕಗಳು ವಿದ್ಯುನ್ಮಾನ ರೂಪದಲ್ಲಿದ್ದರೆ ಅವುಗಳ ಬ್ಯಾಕಪ್ ಭಾರತದೊಳಗೆ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಆಗಬೇಕು. ಮೊದಲು ನಿಯತಕಾಲಿಕ ಎಂದಿದ್ದುದನ್ನು 2022ರ ಆಗಸ್ಟ್‌ನಲ್ಲಿ ಪ್ರತಿದಿನ ಎಂದು ತಿದ್ದಲಾಯಿತು. ಸೇವಾದಾತನ ಹೆಸರು, ಐಪಿ ವಿಳಾಸ ಮತ್ತು ಸ್ಥಳವನ್ನು ವರ್ಷಕ್ಕೊಮ್ಮೆ ಕಂಪನಿಗಳ ರಿಜಿಸ್ಟ್ರಾರರಿಗೆ ತಿಳಿಸಬೇಕು. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ಆದರೆ ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಕಾಯ್ದಿಡಬೇಕಾದ ಹೊಣೆ ಅವರಿಗೂ ಇದೆ. ಆರು ವರ್ಷ ಎಂದರೆ ಒಂದು ಸರ್ವರ್‌ನ ಆಯುಷ್ಯಕ್ಕೆ ಸಮ. ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯೂ ಸರ್ವರ್‌ಗೆ ಆರು ವರ್ಷಗಳನ್ನೇ ಹಿಡಿದಿದೆ. ಹಳೆಯ ಯಂತ್ರವನ್ನು ಮಾರುವಾಗಲೂ, ಬಾಡಿಗೆ ಕರಾರು ಬಿಡುವಾಗಲೂ ಹಿಂದಿನ ವರ್ಷಗಳ ದತ್ತಾಂಶ ಮತ್ತೆ ತೆರೆದು ಓದಲು ಬರುವಂತಿರಬೇಕು.

ವಿದೇಶಿ ಸಂಸ್ಥೆಯ ಸರ್ವರ್ ಅಗ್ಗವೆಂದು ಹೋದವರು ಇನ್ನೊಂದನ್ನು ಗಮನಿಸಬೇಕು. ಆಮದು ಸೇವೆಗೆ ನೋಂದಾಯಿತ ವರ್ತಕನೇ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಐಜಿಎಸ್‌ಟಿ ಭರಿಸಬೇಕಾಗುತ್ತದೆ.

ದತ್ತಾಂಶದ ಹೊಣೆ

ಡೆಡಿಕೇಟೆಡ್ ಸರ್ವರ್ ಬಾಡಿಗೆಗೆ ಪಡೆದವರಲ್ಲಿ ಬಹಳ ಮಂದಿ ಬ್ಯಾಕಪ್ ಕೂಡ ಬಾಡಿಗೆಯಲ್ಲೇ ಸೇರಿದೆಯೆಂದು ಭಾವಿಸಿರುತ್ತಾರೆ. ಕರಾರಿನಲ್ಲಿ ಪ್ರತ್ಯೇಕವಾಗಿ ಬರೆದಿರದಿದ್ದರೆ ಅದು ಸೇರಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ಣ ನಾಶವಾಯಿತು. ಬೇರೆ ಸ್ಥಳದಲ್ಲಿ ಪ್ರತಿ ಇಟ್ಟಿದ್ದವರು ಮತ್ತೆ ಕೆಲಸ ಆರಂಭಿಸಿದರು; ಇಡದ ಅನೇಕ ಗ್ರಾಹಕರ ದತ್ತಾಂಶ ಮರಳಲಿಲ್ಲ. ಸ್ವಂತ ಸರ್ವರ್‌ಗೂ ಇದೇ ಮಾತು. 2019ರ ಆಗಸ್ಟ್‌ನ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳ ಅಂಗಡಿ, ಮನೆಗಳಿಗೆ ನೀರು ನುಗ್ಗಿತು. ನೆಲದ ಮೇಲಿಟ್ಟ ಸರ್ವರ್ ಮತ್ತು ಅದರ ಪಕ್ಕದ ಕಪಾಟಿನ ಕೆಳ ಖಾನೆಯಲ್ಲಿಟ್ಟ ಬ್ಯಾಕಪ್ ಡಿಸ್ಕ್, ನೀರಿಗೆ ಎರಡೂ ಒಂದೇ.

ತಂತ್ರಾಂಶದ ತಿದ್ದುಪಡಿಗಳನ್ನು ಅಳವಡಿಸುವ ಹೊಣೆಯೂ, ನಿರ್ವಹಣಾ ಸೇವೆಯನ್ನು ಬೇರೆಯಾಗಿ ಕೊಳ್ಳದಿದ್ದಲ್ಲಿ, ಗ್ರಾಹಕನದೇ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಹಾವಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್‌ನಲ್ಲೇ ತಿದ್ದುಪಡಿ ನೀಡಿತ್ತು; ಅಳವಡಿಸದವರು ಸಿಕ್ಕಿಬಿದ್ದರು. ಶಾಖೆಯವರಿಗೆ ಸುಲಭವಾಗಲೆಂದು ರಿಮೋಟ್ ಡೆಸ್ಕ್‌ಟಾಪ್ ಬಾಗಿಲನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವುದು ಗಲ್ಲಾಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟಂತೆ. ವಿಪಿಎನ್ ಮೂಲಕವೇ ಒಳಬರುವ ವ್ಯವಸ್ಥೆ ಇರಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಇಂತಹ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡುವ ಹೊಣೆ ಕಂಪನಿಗಳಿಗೂ ಇದೆ.

ಇನ್ನೊಂದು ಅಪಾಯವನ್ನು ಯಾವ ತಂತ್ರಜ್ಞನೂ ತಾನಾಗಿ ಹೇಳುವುದಿಲ್ಲ. ಬಾಡಿಗೆಯ ಖಾತೆಯನ್ನು ಗುಮಾಸ್ತನ ಅಥವಾ ತಂತ್ರಜ್ಞನ ಸ್ವಂತ ಇ-ಮೇಲ್‌ನಲ್ಲಿ ತೆರೆಯುವುದು ಸಾಮಾನ್ಯ. ಬಿಲ್ ಅವನ ಹೆಸರಿಗೆ ಬರುತ್ತದೆ, ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರುವುದಿಲ್ಲ, ತೆರಿಗೆ ಜಮೆ ಹೋಗುತ್ತದೆ. ಅದು ಸಣ್ಣ ನಷ್ಟ. ಅವನು ಕೆಲಸ ಬಿಟ್ಟ ನಂತರ ನವೀಕರಣದ ಸೂಚನೆಗಳು ಅವನ ಅಂಚೆಪೆಟ್ಟಿಗೆಗೇ ಹೋಗುತ್ತವೆ. ಬಾಡಿಗೆ ಬಾಕಿಯಾಗಿ, ಕರಾರಿನಲ್ಲಿ ಹೇಳಿದ ದಿನಗಳು ಕಳೆದ ಮೇಲೆ ಯಂತ್ರವನ್ನು ಅಳಿಸಿ ಮತ್ತೊಬ್ಬರಿಗೆ ಕೊಡಲಾಗುತ್ತದೆ. ಖಾತೆ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್‌ನಲ್ಲಿ ಇರಬೇಕು. ಮುಖ್ಯ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ಬಳಿ ಇರಬೇಕು. ಸ್ವಂತ ಸರ್ವರ್ ಇದ್ದರೂ ಈ ಲಕೋಟೆ ತಪ್ಪದು.

ಉದಾಹರಣೆಯ ಸಂಸ್ಥೆಯಲ್ಲಿ ಒಂಬತ್ತು ಮಂದಿ ಶಾಖೆಗಳಲ್ಲಿದ್ದಾರೆಂದರೆ ಅದು ಭಾರತದೊಳಗಿನ ಡೇಟಾ ಸೆಂಟರ್‌ನಲ್ಲಿ ಸರ್ವರನ್ನು ಬಾಡಿಗೆಗೆ ಪಡೆದು, ರಾತ್ರಿ ಬ್ಯಾಕಪ್ ಹುಬ್ಬಳ್ಳಿಯ ಕಚೇರಿಗೆ ಇಳಿಯುವಂತೆ ಮಾಡುವುದು ಸೂಕ್ತ. ಇಳಿದ ಪ್ರತಿಯನ್ನು ತಿಂಗಳಿಗೊಮ್ಮೆ ಬೇರೊಂದು ಗಣಕಯಂತ್ರದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ತಾಳೆಯಾಗುವುದೇ ಎಂದು ನೋಡಬೇಕು. ಇದಕ್ಕೆ ಅರ್ಧ ಗಂಟೆ ಸಾಕು. ಸ್ಥಳಾಂತರವನ್ನು ವರ್ಷಾಂತ್ಯದಲ್ಲಿ ಇಟ್ಟುಕೊಳ್ಳದೆ, ಲೆಕ್ಕಪರಿಶೋಧನೆ ಮುಗಿದ ಬಿಡುವಿನ ತಿಂಗಳೊಂದರಲ್ಲಿ ಮಾಡಿ, ಮೊದಲ ನಾಲ್ಕು ವಾರ ಹಳೆಯ ಯಂತ್ರವನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳಿತು.