ಕುಶಲಪ್ರಶ್ನೆ

ಬಬಲೇಶ್ವರದ ಕಡೆಯಲ್ಲಿ ಇಬ್ಬರು ಎದುರಾದರೆ ಮೊದಲು ಕೇಳಿಬರುವ ಮಾತು ‘ಶರಣ್ರೀ’, ಇಲ್ಲವೆ ‘ನಮಸ್ಕಾರ್ರೀ’. ಅದರ ಬೆನ್ನಿಗೇ ‘ಆರಾಮ ಅದೀರಿ?’, ‘ಊಟಾ ಆತ್ರೀ?’ ಎಂಬ ಪ್ರಶ್ನೆಗಳು ಬರುತ್ತವೆ. ಕೇಳಿದವನಿಗೆ ಊಟದ ಲೆಕ್ಕ ಬೇಕಿಲ್ಲ. ಆದರೆ ಕೇಳದೆ ಹೋದರೆ ಬಿಗುಮಾನದವನೆಂಬ ಮಾತು ತಪ್ಪದು.

ಈ ನೆಲದ ವಿದ್ಯಾರ್ಥಿಯೊಬ್ಬನು ವಿಜಯಪುರದ ಗೋಳಗುಮ್ಮಟದ ಅಂಗಳದಲ್ಲಿ ವಿದೇಶದ ಪ್ರವಾಸಿಯನ್ನು ಕಂಡನೆನ್ನೋಣ. ‘ಹಲೋ, ಹೌ ಆರ್ ಯೂ?’ ಎಂದು ಆತನು ಕೇಳುತ್ತಾನೆ. ಇದೂ ‘ಊಟಾ ಆತ್ರೀ?’ ಎಂಬುದರ ಜಾತಿಯ ಪ್ರಶ್ನೆಯೇ. ನೆಗಡಿ, ಜ್ವರಗಳ ವರದಿಯನ್ನು ಅದು ಬಯಸುವುದಿಲ್ಲ. ‘ಫೈನ್, ಥ್ಯಾಂಕ್ಯೂ. ಆಂಡ್ ಯೂ?’ ಎಂದರೆ ಸಾಕು. ವ್ಯಾಕರಣ ತಪ್ಪೀತೆಂದು ಬಾಯಿ ಮುಚ್ಚಿ ನಿಂತರೆ, ಬಂದವನು ಅದನ್ನು ಅಂಜಿಕೆಯೆಂದು ತಿಳಿಯದೆ ಅನಾದರವೆಂದೇ ಭಾವಿಸಬಹುದು.

‘ಹಲೋ’ ಎಂಬ ಮಾತಿಗೆ ದೊಡ್ಡ ಹಳಮೆಯಿಲ್ಲ. ದೂರವಾಣಿಯಲ್ಲಿ ಕರೆಯಲು ಅದೇ ಲೇಸೆಂದು ಎಡಿಸನ್ 1877ರಲ್ಲಿ ಸೂಚಿಸಿದನು. ಬೆಲ್‌ಗೆ ‘ಅಹಾಯ್’ ಎಂಬ ನಾವಿಕರ ಕೂಗು ಮೆಚ್ಚಾಗಿತ್ತು.

ಪರಿಚಯದಲ್ಲಿಯೂ ಭೇದವುಂಟು. ಇಲ್ಲಿ ‘ಯಾವೂರ್ರೀ?’ ಎಂದು ಮೊದಲೇ ಕೇಳುವುದು ಆತ್ಮೀಯತೆಯ ಗುರುತು. ಇಂಗ್ಲಿಷಿನ ರೂಢಿಯಲ್ಲಿ ತನ್ನ ಹೆಸರನ್ನು ಮೊದಲು ಹೇಳಿದರೆ ಎದುರಿನವನು ತಾನಾಗಿ ತನ್ನದನ್ನು ಹೇಳುತ್ತಾನೆ. ಸಂಬಳ, ವಯಸ್ಸುಗಳ ವಿಚಾರಣೆ ಅಲ್ಲಿ ಸಲ್ಲದು. ‘ಗುಡ್ ನೈಟ್’ ಬೀಳ್ಕೊಡುವ ಮಾತು. ರಾತ್ರಿ ಎಂಟಕ್ಕೆ ಭೇಟಿಯಾದರೂ ‘ಗುಡ್ ಈವನಿಂಗ್’ ಎನ್ನಬೇಕು.

ಹೊಸಬನಿಗೆ ಕಠಿಣವೆನಿಸುವುದು ‘ರೀ’ಯ ಕೊರತೆ. ಗುರುವಿಗೂ ಗೆಳೆಯನಿಗೂ ಇಂಗ್ಲಿಷಿನಲ್ಲಿ ಒಂದೇ ‘ಯೂ’. ಹಿಂದೆ ‘ದೌ’ ಎಂಬ ಏಕವಚನವಿತ್ತು. ದಿನಬಳಕೆಯಿಂದ ಅದು ಅಳಿಯಿತು. ಆದುದರಿಂದ ಗೌರವವನ್ನು ‘ಸರ್’, ‘ಪ್ಲೀಸ್’ಗಳಲ್ಲಿಯೂ ದನಿಯ ಮೆದುವಿನಲ್ಲಿಯೂ ತುಂಬಬೇಕಾಗುತ್ತದೆ. ಅಷ್ಟಕ್ಕೆ ತೃಪ್ತಿಯಾಗದೆ ಈ ಕಡೆಯ ಹುಡುಗರು ‘ಯೆಸ್ರೀ ಸರ್’ ಎಂದುಬಿಡುವುದುಂಟು. ಅದಕ್ಕೆ ನಗಬೇಕಾದ ಕಾರಣವಿಲ್ಲ.