ಟ್ರಿಗರ್ ಬರೆದವನು ಊರಲ್ಲಿ ಇಲ್ಲದ ದಿನಕ್ಕೆ

ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿ ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ತಮ್ಮಾ, ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ ಬರೆಯುವುದನ್ನು ನಿನಗೆ ಹೇಳಿಕೊಡಬೇಕಿಲ್ಲ. ಬರೆದದ್ದರ ವಿವರಣೆಯ ಬಗ್ಗೆ ಮಾತ್ರ ನಾಲ್ಕು ಮಾತು.

• ಟ್ರಿಗರನ್ನು ಯಾರೂ ಕರೆಯುವುದಿಲ್ಲ, ತಾನಾಗಿ ಓಡುತ್ತದೆ. ಸೋಮವಾರದ ಟೆಂಡರ್ ಮುಗಿದು ರೈತರ ಪಟ್ಟಿ ಮಾಡುವ ಗಡಿಬಿಡಿಯಲ್ಲಿ ಗುಮಾಸ್ತ ಒಂದು ಲಾಟಿನ ತೂಕ ತಿದ್ದುತ್ತಾನೆ. ಹಮಾಲಿಯ ಮೊತ್ತವೂ ಬದಲಾಗಿಬಿಡುತ್ತದೆ. ಕಾರಣ ಹುಡುಕುವವನು ಲಾಟಿನ ಟೇಬಲ್ ತೆರೆಯುತ್ತಾನೆ, ನಿನ್ನ ಫಂಕ್ಷನ್ನಿನ ಹೆಸರೇ ಅವನಿಗೆ ಗೊತ್ತಿರುವುದಿಲ್ಲ. ಹಾಗಾಗಿ ಟೇಬಲ್ಲಿನ ವಿವರಣೆಯಲ್ಲೇ ಬರೆ: ಇಲ್ಲಿ ಯಾವುದನ್ನು ಮುಟ್ಟಿದರೆ ಎಲ್ಲಿ ಏನು ಬದಲಾಗುತ್ತದೆ.

• ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆ, ಅದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ವಾಕ್ಯ ಕಡ್ಡಾಯ. ಪ್ರತಿ ಸಾಲಿಗೂ ಓಡುವ ‘ಬಿಫೋರ್’ ಟ್ರಿಗರ್ ನಲ್ ಕೊಟ್ಟರೆ ಆ ಸಾಲಿನ ಕೆಲಸ ಅಲ್ಲೇ ನಿಲ್ಲುತ್ತದೆ. ಎರರ್ ಕೂಡ ಬರುವುದಿಲ್ಲ. 11ನೇ ಆವೃತ್ತಿಯಿಂದ, ಡಿಲೀಟ್ ಮಾಡುವಾಗ ‘ನ್ಯೂ’ ಅಂದರೆ ನಲ್. ರೂಢಿಬಲದಿಂದ ‘ರಿಟರ್ನ್ ನ್ಯೂ’ ಎಂದು ಬರೆದರೆ ಸಾಲು ಅಳಿಯುವುದೇ ಇಲ್ಲ. ಅಲ್ಲಿ ‘ಓಲ್ಡ್’ ಕೊಡಬೇಕು. ‘ಆಫ್ಟರ್’ ಟ್ರಿಗರ್ ಕೊಟ್ಟದ್ದನ್ನು ಡೇಟಾಬೇಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಕೆಂದೇ ನಲ್ ಕೊಟ್ಟಿದ್ದರೆ ಹಾಗೆಂದು ಬರೆ. ಇಲ್ಲದಿದ್ದರೆ ಮುಂದೆ ಯಾವನೋ ಬುದ್ಧಿವಂತ ಅದನ್ನು ‘ಸರಿ’ ಮಾಡುತ್ತಾನೆ.

• ಟ್ರಿಗರ್ ಫಂಕ್ಷನ್ನಿನ ಆವರಣ ಯಾವಾಗಲೂ ಖಾಲಿ. ಟ್ರಿಗರ್ ಕಟ್ಟುವಾಗ ಕೊಟ್ಟ ಮೌಲ್ಯಗಳು ಟಿಜಿ_ಎಆರ್‌ಜಿವಿ ಮೂಲಕ ಒಳಗೆ ಬರುತ್ತವೆ. ಹೊರಗಿನಿಂದ ನೋಡಿದವನಿಗೆ ಅವು ಕಾಣುವುದಿಲ್ಲ, ಒಂದೊಂದನ್ನೂ ಹೆಸರಿಸು.

• ‘ತೂಕವನ್ನು ದರದಿಂದ ಗುಣಿಸುತ್ತದೆ’ ಎಂಬ ಕಾಮೆಂಟ್ ದಂಡ. ಅದನ್ನು ಕೋಡೇ ಹೇಳುತ್ತದೆ. ಯಾಕೆ ಎಂಬುದನ್ನು ಬರೆ. 2020ರಲ್ಲಿ ಎಪಿಎಂಸಿ ಮಾರುಕಟ್ಟೆ ಶುಲ್ಕವನ್ನು ಸರ್ಕಾರ ಒಂದಕ್ಕಿಂತ ಹೆಚ್ಚು ಸಲ ಬದಲಿಸಿತು. ಶುಲ್ಕ ಹಾಕುವ ಟ್ರಿಗರ್ ಇದ್ದರೆ ದರ ಯಾವ ಆದೇಶದ್ದು, ಯಾವ ತಾರೀಖಿನಿಂದ, ಹಳೆಯ ಲಾಟು ತಿದ್ದಿದರೆ ಹಳೆಯ ದರವೋ ಹೊಸದೋ, ಇಷ್ಟೂ ಬೇಕು. ಗುಂಟೂರಿನ ಮೆಣಸಿನಕಾಯಿಗೆ ‘ಬ್ಯಾಡಗಿ’ ಎಂದು ನಮೂದಿಸದಂತೆ ತಡೆಯುವ ಟ್ರಿಗರ್ ಇದ್ದರೂ ಅಷ್ಟೇ: 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತೆಂಬುದನ್ನು ಕೋಡ್ ಹೇಳಲಾರದು.

• ಒಂದೇ ಬಗೆಯ ಟ್ರಿಗರ್‌ಗಳು ಹಲವಿದ್ದರೆ ಪೋಸ್ಟ್‌ಗ್ರೆಸ್ ಅವನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ಓಡಿಸುತ್ತದೆ. ಹೆಸರಲ್ಲೇ 10, 20 ಎಂದು ಅಂಕಿ ಸೇರಿಸು.

• ಯಾವಾಗ ಓಡುವುದಿಲ್ಲ ಎಂಬುದನ್ನೂ ಬರೆ. ಟ್ರಂಕೇಟ್ ಮಾಡಿ ಟೇಬಲ್ ಖಾಲಿ ಮಾಡಿದರೆ ಡಿಲೀಟ್ ಟ್ರಿಗರ್ ಓಡದು. ಆದರೆ ಕಾಪಿ ಕಮಾಂಡಿನಿಂದ ತುಂಬಿದರೆ ಇನ್ಸರ್ಟ್ ಟ್ರಿಗರ್ ಓಡುತ್ತದೆ. ಹಳೆಯ ವರ್ಷದ ದಾಖಲೆ ತುಂಬುವ ಮುಂಚೆ ಇದು ಗೊತ್ತಿರಬೇಕು.

• ವಿವರಣೆಯನ್ನು ಬೇರೆ ವರ್ಡ್ ಫೈಲಿನಲ್ಲಿ ಇಡಬೇಡ, ಕಾಮೆಂಟ್ ಆನ್ ಕಮಾಂಡಿನಿಂದ ಡೇಟಾಬೇಸಿಗೇ ಹಾಕು. ಪಿಜಿ_ಡಂಪ್ ಬ್ಯಾಕಪ್ಪಿನಲ್ಲಿ ಅದೂ ಬರುತ್ತದೆ. ಒಂದು ಎಚ್ಚರ: ‘ಕ್ರಿಯೇಟ್ ಆರ್ ರಿಪ್ಲೇಸ್’ ಮಾಡಿದಾಗ ಫಂಕ್ಷನ್ ಹೊಸದಾದರೂ ಕಾಮೆಂಟ್ ಹಳೆಯದೇ ಉಳಿಯುತ್ತದೆ, ಡ್ರಾಪ್ ಮಾಡಿದರೆ ಅದೂ ಹೋಗುತ್ತದೆ. ಆದ್ದರಿಂದ ಕ್ರಿಯೇಟ್, ಕಾಮೆಂಟ್ ಎರಡೂ ಕಮಾಂಡುಗಳನ್ನು ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಬರೆದಿಡು.